ನಂಜು, ಬಾಣಂತಿ ಮತ್ತು ಒಂದಿಷ್ಟು ರಕ್ತ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಗಾಯ ಕೀವಾಗಿ ಜ್ವರ ಬಂದರೆ "ನಂಜಾಗಿದೆ" ಅಂತಾರೆ. ಗಾಯ ಆದವರಿಗೆ, ಬಾಣಂತಿಯರಿಗೆ ಬದನೆಕಾಯಿ ಕೊಡಲ್ಲ, ಅದು ನಂಜು ಅಂತ. ಬದನೆಕಾಯಿಯ ಪಾಲಿಗೆ ಇದು ಅನ್ಯಾಯವೇ ಇರಬಹುದು! ಆದರೆ ಒಂದು ಕಡೆ ಶುರುವಾದದ್ದು ಮೈಗೆಲ್ಲಾ ಏರುತ್ತೆ ಅನ್ನೋ ತಿಳಿವಳಿಕೆ ಸುಳ್ಳಲ್ಲ. ಡಾಕ್ಟರುಗಳು ಸೆಪ್ಸಿಸ್ ಅನ್ನೋದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಕೊಲ್ಲೋದು ರೋಗಾಣು ಒಂದೇ ಅಲ್ಲ, ಅದರ ವಿರುದ್ಧ ದೇಹ ನಡೆಸುವ ಹೋರಾಟವೇ ಹದ ತಪ್ಪಿ ಕಿಡ್ನಿ, ಶ್ವಾಸಕೋಶಗಳನ್ನು ಕೆಡಿಸುತ್ತೆ.

ಈ ನಂಜಿನ ಗುರುತನ್ನು ರಕ್ತದಲ್ಲಿ ಹುಡುಕಿದ ಕಥೆಯೂ ಬಾಣಂತಿಯರಿಂದಲೇ ಶುರುವಾಗುತ್ತೆ. 1842-43ರ ಚಳಿಗಾಲದಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಬಾಣಂತಿ ಜ್ವರ ಹಬ್ಬಿತ್ತು. ತೀರಿಕೊಂಡ ಹೆಂಗಸರ ರಕ್ತವನ್ನು ಯೋಹಾನ್ ಶೇರರ್ ಎಂಬ ವೈದ್ಯ ಪರೀಕ್ಷೆ ಮಾಡಿ, ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ ಅಂತ 1843ರಲ್ಲಿ ಬರೆದ. ಇವತ್ತು ಐ.ಸಿ.ಯು.ಗಳಲ್ಲಿ ನೋಡುವ 'ಲ್ಯಾಕ್ಟೇಟ್' ಇದೇ. ಆದರೆ ಶೇರರ್‌ಗೆ ಗೊತ್ತಾದದ್ದು ಜೀವ ಹೋದ ಮೇಲೆ.

ನಾಲ್ಕು ವರ್ಷದ ನಂತರ, 1847ರಲ್ಲಿ, ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ವೈದ್ಯರಿಗೆಲ್ಲ ಕ್ಲೋರಿನ್ ನೀರಲ್ಲಿ ಕೈ ತೊಳೆಯೋಕೆ ಹೇಳಿದ. 1846ರಲ್ಲಿ ಅವನ ವಾರ್ಡಿನಲ್ಲಿ ನೂರಕ್ಕೆ 11 ಬಾಣಂತಿಯರು ಸಾಯುತ್ತಿದ್ದರು. 1848ರಲ್ಲಿ ಅದು ಸುಮಾರು ಒಂದಕ್ಕೆ ಇಳಿಯಿತು. ಆದರೂ ದೊಡ್ಡ ಡಾಕ್ಟರುಗಳು ಅವನ ಮಾತು ಒಪ್ಪಲಿಲ್ಲ. 1865ರಲ್ಲಿ ಅವನು ಸತ್ತದ್ದೂ ಗಾಯದ ನಂಜಿನಿಂದಲೇ!

ಬದುಕಿರುವವರ ರಕ್ತದಲ್ಲಿ ಗುರುತು ಸಿಗೋಕೆ ಇನ್ನೂ ಕಾಲ ಹಿಡಿಯಿತು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲ್ಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತು ಕಂಡರು. ರೋಗಿ ಚೇತರಿಸಿಕೊಂಡರೆ ಅದು ಮಾಯ. ಲ್ಯಾಬ್ ರಿಪೋರ್ಟಿನಲ್ಲಿ ನಾವು ನೋಡುವ ಸಿ.ಆರ್.ಪಿ. ಅದೇ. 1993ರಲ್ಲಿ ಫ್ರಾನ್ಸಿನ ಅಸಿಕೋ ಮತ್ತು ಸಂಗಡಿಗರು ಪ್ರೊಕ್ಯಾಲ್ಸಿಟೋನಿನ್ ಹೆಸರು ಹೇಳಿದರು. ಸಿ.ಆರ್.ಪಿ. ತುತ್ತತುದಿಗೆ ಏರೋಕೆ ಎರಡು ದಿನ ಬೇಕು. ಇದು ಕೆಲವೇ ಗಂಟೆಗಳಲ್ಲಿ ಏರಲು ಶುರುವಾಗುತ್ತೆ, ಅದರಲ್ಲೂ ಬ್ಯಾಕ್ಟೀರಿಯಾ ಸೋಂಕಿದ್ದರೆ.

ಇಷ್ಟೆಲ್ಲಾ ಆದಮೇಲೂ, 2024ರ ಫೆಬ್ರವರಿಯಲ್ಲಿ ನಮ್ಮ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೂವರು ಹೆಣ್ಣುಮಕ್ಕಳು ಸೋಂಕಿನಿಂದ ತೀರಿಕೊಂಡರು. ಆರೋಗ್ಯ ಇಲಾಖೆ ತನಿಖೆ ಮಾಡಿಸಿ ಸಿಬ್ಬಂದಿಯ ಮೇಲೆ ಕ್ರಮ ತೆಗೆದುಕೊಂಡಿತು. ಸೆಮ್ಮೆಲ್ವೈಸ್ ಹೇಳಿದ ಪಾಠಕ್ಕೆ ಆಗಲೇ ಸುಮಾರು 177 ವರ್ಷವಾಗಿತ್ತು.

ಪಾವಗಡದಿಂದ ತುಮಕೂರಿಗೆ ಮಧುಗಿರಿ, ಕೊರಟಗೆರೆ ದಾಟಿ ಸುಮಾರು ನೂರು ಕಿಲೋಮೀಟರ್. ಸೆಪ್ಸಿಸ್ ಬಿಗಡಾಯಿಸಿ ಬಿ.ಪಿ. ಕುಸಿದಾಗ, ಅಂದರೆ ಶಾಕ್ ಆದಾಗ, ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕು ಅನ್ನುತ್ತೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಅಷ್ಟು ಹೊತ್ತಿಗೆ ಆಂಬುಲೆನ್ಸು ಎಲ್ಲಿರುತ್ತೆ, ಲೆಕ್ಕ ಹಾಕಿ. ಹಾಗಾಗಿ ಗುರುತು ಮೊದಲು ಸಿಗಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಅಂತ ನನಗನ್ನಿಸೋದು.

ಹಾಗಂತ ಟೆಸ್ಟ್ ಒಂದನ್ನೇ ನಂಬಿ ಕೂರೋ ಹಾಗಿಲ್ಲ. ದೊಡ್ಡ ಆಪರೇಷನ್ ಆದವರಿಗೆ ಸೋಂಕಿಲ್ಲದಿದ್ದರೂ ಸಿ.ಆರ್.ಪಿ. ಏರುತ್ತೆ. ಆಂಟಿಬಯಾಟಿಕ್ ಶುರು ಮಾಡೋಕೆ ಪ್ರೊಕ್ಯಾಲ್ಸಿಟೋನಿನ್‌ಗಾಗಿ ಕಾಯಬೇಡಿ ಅಂತ ಅದೇ ಮಾರ್ಗಸೂಚಿ ಹೇಳುತ್ತೆ. ಉಸಿರಾಟ ಜೋರಾಗೋದು, ಬಿ.ಪಿ. ಇಳಿಯೋದು, ಮಾತು ತಪ್ಪೋದು, ಮೂತ್ರ ಕಮ್ಮಿಯಾಗೋದು... ಇವನ್ನೆಲ್ಲಾ ನೋಡೋಕೆ ಮಂಚದ ಪಕ್ಕ ಒಬ್ಬರು ಇರಬೇಕು, ಅಷ್ಟೇ. ಬಾಣಂತಿಗೆ ಚಳಿಜ್ವರ ಬಂದರೆ "ಹಾಲು ಕಟ್ಟಿರಬೇಕು, ನಾಳೆ ನೋಡೋಣ" ಅನ್ನೋ ಮನೆಯವರಿಗೂ ಇವು ಗೊತ್ತಿರಬೇಕು.

ನಿಮ್ಮ ಕಡೆ ಇದಕ್ಕೆ ನಂಜು ಅಂತಾರಾ, ಬೇರೆ ಹೆಸರಿದೆಯಾ? ಗೊತ್ತಿದ್ದರೆ ತಿಳಿಸಿ.