ಮಂಗನ ಕೈಗೆ ಕೋಲು ಬಂದ ಬಗೆ

ಮನುಷ್ಯರ ನಡುವೆ ಬೆಳೆದ ಮಂಗ ವಸ್ತುಗಳನ್ನು ಹಿಡಿದು ಬಳಸಲು ಕಲಿತದ್ದಕ್ಕೆ ಕನ್ನಡ ನಾಡಿನ ಹಳೆಯ ನಿದರ್ಶನ ಕೋತಿ ಆಡಿಸುವ ಕಸುಬು. 1909ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿ ಕೊರವರ ಒಂದು ಪಂಗಡವಾಗಿ ಕೋತಿ ಕೊರವರು ಬರುತ್ತಾರೆ. ಊರೂರು ಅಲೆದು ಕೋತಿ ಆಡಿಸುವುದೇ ಅವರ ಜೀವನೋಪಾಯವಾಗಿತ್ತು.

ದಕ್ಷಿಣದಲ್ಲಿ ಈ ಆಟಕ್ಕೆ ಸಿಕ್ಕಿದ್ದು ಎಲ್ಲೆಡೆ ಕಾಣುವ ಸಾಮಾನ್ಯ ಮಂಗ, ವಿಜ್ಞಾನಿಗಳ ಬಾನೆಟ್ ಮಕಾಕ್. ಕಾಡಿನಲ್ಲೂ ಅದರ ಕೈ ಸುಮ್ಮನಿರುವುದಿಲ್ಲ: ಹೇನು ಹೆಕ್ಕುತ್ತದೆ, ಕಾಯಿ ಸುಲಿಯುತ್ತದೆ, ಮಣ್ಣು ಹತ್ತಿದ ತಿನಿಸನ್ನು ಉಜ್ಜಿ ಬಾಯಿಗಿಡುತ್ತದೆ. ತಿನ್ನಲು ಬಾರದ ವಸ್ತುವನ್ನು ಮಾತ್ರ ತಿರುಗಿಸಿ ನೋಡಿ, ಮೂಸಿ, ಎಸೆದುಬಿಡುತ್ತದೆ. ಆಡಿಸುವವನು ಕೈ ಹಾಕುತ್ತಿದ್ದುದು ಇಲ್ಲಿಯೇ. ಮರಿಯಾಗಿದ್ದಾಗಲೇ ತಾಯಿಯಿಂದ ಬಿಡಿಸಿ, ಹಗ್ಗ ಬಿಗಿದು, ಕೈಗೆ ಕೋಲು ಕೊಡುತ್ತಿದ್ದ. ಹಿಡಿದು ನಿಂತರೆ ಕಡಲೆ, ಬಿಟ್ಟರೆ ಹಗ್ಗದ ಜಗ್ಗು. ಹೆಗಲ ಮೇಲೆ ಕೋಲಿಟ್ಟು ಹಿಂಗಾಲಲ್ಲಿ ನಡೆಯುವುದು, ತಟ್ಟೆ ಹಿಡಿದು ಕಾಸು ಬೇಡುವುದು, ಎಲ್ಲವೂ ಹೀಗೆ ಒಂದೊಂದೇ ರೂಢಿಯಾದವು. ಸುತ್ತ ನೆರೆದವರಿಗೆ ಅದು ಅನುಕರಣೆಯಾಗಿ ಕಂಡಿತು. ಮಂಗನಿಗೆ ಕಲಿಸಿದ್ದು ಹಸಿವು, ಹೆದರಿಕೆ.

ಮಂಗ ನೋಡಿ ಕಲಿಯುತ್ತದೆ ಎಂಬ ನಂಬಿಕೆಯನ್ನು 1990ರಲ್ಲಿ ಸಂಶೋಧಕಿಯರಾದ ಎಲಿಸಬೆಟ್ಟಾ ವಿಸಲ್ಬರ್ಗಿ, ಡೊರೋಥಿ ಫ್ರಾಗಾಸ್ಜಿ ಪ್ರಶ್ನಿಸಿದರು. ಇನ್ನೊಬ್ಬರು ಮುಟ್ಟಿದ ವಸ್ತುವಿನ ಕಡೆಗೆ ಮಂಗನ ಗಮನ ಹರಿಯುತ್ತದೆ, ನಿಜ. ಬಳಸುವ ಬಗೆಯನ್ನು ಅದು ತಾನೇ ತಡಕಾಡಿ ಕಂಡುಕೊಳ್ಳಬೇಕು. ಚಿಂಪಾಂಜಿಯ ಸಂಗತಿ ಬೇರೆ. 1993ರಲ್ಲಿ ಮೈಕಲ್ ಟೊಮಸೆಲ್ಲೊ ಮತ್ತು ಸಂಗಡಿಗರ ಪರೀಕ್ಷೆಯಲ್ಲಿ, ಮನುಷ್ಯರು ಸಾಕಿದ ಚಿಂಪಾಂಜಿಗಳು ವಸ್ತು ಬಳಕೆಯನ್ನು ಪುಟ್ಟ ಮಕ್ಕಳಂತೆಯೇ ಅನುಕರಿಸಿದವು. ತಾಯಿಯ ಬಳಿ ಬೆಳೆದವು ಆ ಮಟ್ಟ ಮುಟ್ಟಲಿಲ್ಲ.

ಕೋತಿ ಆಡಿಸುವ ಕಸುಬಿಗೆ ಕಾನೂನು ಕೊನೆ ಹಾಡಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1998ರಲ್ಲಿ ಹೊರಟ ಅಧಿಸೂಚನೆ ಕೋತಿ, ಕರಡಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಆಡಿಸುವುದನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹಗ್ಗ ಹೋದರೂ ಮನುಷ್ಯನ ಪ್ರಭಾವ ಹೋಗಲಿಲ್ಲ. ಬಂಡೀಪುರದ ಮಂಗಗಳು ಪ್ರವಾಸಿಗರತ್ತ ಕೈಚಾಚಿ, ಕೂಗಿ ತಿಂಡಿ ಕೇಳುವುದನ್ನು ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದರು. ಇವನ್ನು ಯಾರೂ ಸಾಕಿದ್ದಲ್ಲ, ಪಳಗಿಸಿದ್ದೂ ಅಲ್ಲ. ಕುಂದಾಪುರದ ಕಡೆಯಿಂದ ಕೊಲ್ಲೂರಿಗೆ ಹೋಗುವ ಹಾದಿಯಲ್ಲಿರುವ ವಂಡ್ಸೆಯಂಥ ಊರುಗಳಲ್ಲಿ ಮಂಗನ ಮಾತು ಬಂದರೆ ಈಗ ಆಟದ ನೆನಪಿಗಿಂತ ತೋಟದ ದೂರೇ ಮುಂದು. ತೆಂಗಿನ ಮರದಲ್ಲಿ ಕೂತು ಬೊಂಡ ಕಿತ್ತು, ಹಲ್ಲಿನಿಂದ ಸಿಪ್ಪೆ ಸೀಳಿ ನೀರು ಕುಡಿಯುವ ಮಂಗನಿಗೆ ಆಡಿಸುವವನ ಪಾಠವಿಲ್ಲ. ತೆಂಗು ನೆಟ್ಟವನು ಮಾತ್ರ ಮನುಷ್ಯನೇ.