ಹಣೆಯ ಚರ್ಮ, ಹೆಸರಿಲ್ಲದ ಕೈ

ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ‘ಬಿ. ಎಲ್.’ ಎಂಬ ಸಹಿಯ ಪತ್ರವೊಂದು ಪ್ರಕಟವಾಯಿತು. ಅದರ ಪ್ರಕಾರ, ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠ ಟಿಪ್ಪುವಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಸುಮಾರು ಒಂದು ವರ್ಷದ ಬಳಿಕ ಪುಣೆಯ ಸಮೀಪ ಅವನಿಗೆ ಹೊಸ ಮೂಗನ್ನು ಕೂರಿಸಲಾಯಿತು.

ವಿಧಾನದ ವಿವರಣೆ ನಿಖರವಾಗಿದೆ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ತಿದ್ದಿ, ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅಂಚನ್ನು ಗುರುತಿಸಿ ಚರ್ಮವನ್ನು ಬಿಡಿಸುತ್ತಿದ್ದರು. ಹುಬ್ಬುಗಳ ನಡುವಿನ ಕಿರುಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಮೊಂಡಿಗೆ ಕೂಡಿಸುತ್ತಿದ್ದರು. ಕಾಚಿನ ಲೇಪದ ಬಟ್ಟೆ ಅದನ್ನು ಹಿಡಿದಿಡುತ್ತಿತ್ತು. ರಕ್ತಸಂಚಾರವನ್ನು ಕಾಯ್ದ ಆ ಪಟ್ಟಿಯನ್ನು ಸುಮಾರು ಇಪ್ಪತ್ತೈದನೆಯ ದಿನ ಕತ್ತರಿಸುತ್ತಿದ್ದರು.

ಈ ಪಟ್ಟಿಯೇ ವಿಧಾನದ ಮರ್ಮ. ಇಂದಿನ ವೈದ್ಯ ಪರಿಭಾಷೆಯಲ್ಲಿ ‘ಗ್ರಾಫ್ಟ್’ ಮೂಲದಿಂದ ಪೂರ್ಣ ಬೇರ್ಪಟ್ಟ ಅಂಗಾಂಶ. ‘ಫ್ಲ್ಯಾಪ್’ ಮೂಲದ ರಕ್ತನಾಳವನ್ನು ಉಳಿಸಿಕೊಂಡದ್ದು. ಕನ್ನಡದ ‘ಕಸಿ’ ಎರಡನ್ನೂ ಒಳಗೊಳ್ಳಬಲ್ಲದು: ತಾಯಿಗಿಡದಿಂದ ಕಡಿದ ಕುಡಿಯನ್ನು ಕೂಡಿಸುವುದೂ ಕಸಿಯೇ, ಬೆಸುಗೆಯಾಗುವವರೆಗೆ ತಾಯಿಗಿಡದ ನಂಟನ್ನು ಬಿಡಿಸದಿರುವುದೂ ಕಸಿಯೇ. ತೋಳಿನ ಚರ್ಮದಿಂದ ಮೂಗನ್ನು ರಚಿಸುವುದನ್ನು ವಿವರಿಸಿದ ಇಟಲಿಯ ಟಾಲಿಯಾಕೊಟ್ಸಿಯೂ 1597ರ ತನ್ನ ಲ್ಯಾಟಿನ್ ಗ್ರಂಥದ ಶೀರ್ಷಿಕೆಗೆ ಗಿಡಗಳ ಕಸಿಯ ಪದವನ್ನೇ ಆಯ್ದುಕೊಂಡಿದ್ದ.

ಪತ್ರವು ರೋಗಿಯನ್ನು ಹೆಸರಿಸುತ್ತದೆ. ಪ್ರತ್ಯಕ್ಷದರ್ಶಿಗಳಾದ ಬ್ರಿಟಿಷ್ ವೈದ್ಯರು ಕ್ರೂಸೋ ಮತ್ತು ಫಿಂಡ್ಲೆಯವರನ್ನೂ ಹೆಸರಿಸುತ್ತದೆ. ಶಸ್ತ್ರ ಹಿಡಿದವನು ಮಾತ್ರ ‘ಇಟ್ಟಿಗೆ ಮಾಡುವ ಜಾತಿಯವ’. 1814ರಲ್ಲಿ ಲಂಡನ್ನಿನಲ್ಲಿ ಇದೇ ವಿಧಾನವನ್ನು ಪ್ರಯೋಗಿಸಿದ ಜೋಸೆಫ್ ಕಾರ್ಪ್ಯೂ 1816ರಲ್ಲಿ ಎರಡು ಪ್ರಕರಣಗಳನ್ನು ಪ್ರಕಟಿಸಿದ. ಯುರೋಪಿನಲ್ಲಿ ಅದು ‘ಭಾರತೀಯ ವಿಧಾನ’ವಾಯಿತು, ವ್ಯಕ್ತಿಯ ಜಾಗದಲ್ಲಿ ದೇಶದ ಹೆಸರು ನಿಂತಿತು.

ಭಾರತದ ಜನಪ್ರಿಯ ಇತಿಹಾಸಕಥನವು ಪುಣೆಯಿಂದ ನೇರವಾಗಿ ಸುಶ್ರುತನತ್ತ ನೆಗೆಯುತ್ತದೆ. ಆದರೆ ಸುಶ್ರುತಸಂಹಿತೆ ಹೇಳುವುದು ಎಲೆಯ ಅಳತೆಯನ್ನೂ ಕೆನ್ನೆಯ ಚರ್ಮವನ್ನೂ. ಪುಣೆಯಲ್ಲಿ ಬಳಕೆಯಾದದ್ದು ಮೇಣ ಮತ್ತು ಹಣೆ. ಎರಡೂ ಒಂದೇ ಪರಂಪರೆಗೆ ಸೇರಿರಬಹುದು. ಆದರೂ ಈ ವ್ಯತ್ಯಾಸ ಕೈಯಿಂದ ಕೈಗೆ ಬೆಳೆದ ಕಸುಬಿನ ಸ್ವತಂತ್ರ ಇತಿಹಾಸವನ್ನು ಸೂಚಿಸುತ್ತದೆ. ಅವನನ್ನು ಒಂದು ಕಥನ ದೇಶದಲ್ಲಿ ಕರಗಿಸಿದರೆ, ಇನ್ನೊಂದು ಗ್ರಂಥದಲ್ಲಿ ಕರಗಿಸುತ್ತದೆ.

ಹಣೆಯ ಚರ್ಮದ ಫ್ಲ್ಯಾಪ್ ಇಂದಿಗೂ ಮೂಗಿನ ಪುನರ್ನಿರ್ಮಾಣದ ಮುಖ್ಯ ವಿಧಾನ. ಅದಕ್ಕೆ ಆಧಾರವಾಗಿ ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯ ಗ್ರಾಫ್ಟ್ ಸೇರಿದೆ. ವಿಧಾನ ಉಳಿದಿದೆ; ಅದನ್ನು ಉಳಿಸಿದವನ ಗುರುತು ಜಾತಿಸೂಚಕ ಪದವೊಂದರಲ್ಲಿ ಮಾತ್ರ ಉಳಿದಿದೆ.