ಹೆಡ್ ಆಂಗಲ್‌ನ ಚರಿತ್ರೆ: ಅನ್ನೂರಿನ ಹಾದಿಗೆ ಹೊಸ ಹಾರ್ಡ್‌ಟೇಲ್ ಫ್ರೇಮ್ ಆರಿಸುವುದು

ನಾನು ಎತ್ತಿಕೊಂಡಿರುವ ಪ್ರಶ್ನೆ ಚಿಕ್ಕದು. ಅನ್ನೂರಿನಲ್ಲಿ ಒಬ್ಬ ಸವಾರ ಇದ್ದಾನೆ ಅಂದುಕೊಳ್ಳೋಣ. ಅವನ ಹತ್ತು-ಹದಿನೈದು ವರ್ಷ ಹಳೆಯ ಮೌಂಟನ್ ಬೈಕಿನ ಫ್ರೇಮ್ ಬೆಸುಗೆಯ ಹತ್ತಿರ ಬಿರುಕು ಬಿಟ್ಟಿದೆ. ಫೋರ್ಕು, ಚಕ್ರ, ಬ್ರೇಕು ಎಲ್ಲ ಸರಿಯಾಗಿವೆ. ಫ್ರೇಮ್ ಮಾತ್ರ ಬದಲಾಯಿಸಬೇಕು. ಅವನಿಗೆ ಬೇಕಿರುವುದು ಹಾರ್ಡ್‌ಟೇಲ್, ಅಂದ್ರೆ ಮುಂದಿನ ಫೋರ್ಕಿಗೆ ಮಾತ್ರ ಸಸ್ಪೆನ್ಶನ್ ಇದ್ದು ಹಿಂಭಾಗ ಗಟ್ಟಿಯಾಗಿರುವ ಫ್ರೇಮ್. ಎಲ್ಲಿ ನೋಡಿದರೂ 'ಮಾಡರ್ನ್ ಜಾಮೆಟ್ರಿ' ಅಂತಲೇ ಬರೆದಿರುತ್ತೆ. ಈ ಮಾಡರ್ನ್ ಅನ್ನೋದು ಯಾವ ನೆಲದಲ್ಲಿ ಹುಟ್ಟಿತು? ಅನ್ನೂರಿನ ನೆಲಕ್ಕೆ ಅದರಲ್ಲಿ ಎಷ್ಟು ಬೇಕು?

ನನ್ನ ವಾದ ಇಷ್ಟು. ಜಾಮೆಟ್ರಿ ಪಟ್ಟಿಯ ಒಂದೊಂದು ಅಂಕಿಯನ್ನೂ ಚಾರಿತ್ರಿಕ ದಾಖಲೆಯಾಗಿ ಓದಬಹುದು, ಏಕೆಂದರೆ ಪ್ರತಿಯೊಂದರ ಹಿಂದೆ ಒಂದು ನೆಲ, ಒಂದು ಬಗೆಯ ಸವಾರಿ ಇದೆ. ಹೊಸ ಜಾಮೆಟ್ರಿಯ ಲಾಭ ನಿಜವೇ. ಆದರೆ ಅದರ ಜೊತೆಗೇ ಬಂದ ಹೊಸ ಭಾಗಗಳ ಅಳತೆ ಬೇರೆಯೇ ವಿಷಯ. ಇವೆರಡನ್ನೂ ಬಿಡಿಸಿ ನೋಡದೆ ಆರಿಸಿದರೆ ಫ್ರೇಮಿನ ದುಡ್ಡಿನ ಮೇಲೆ ಚಕ್ರ, ಫೋರ್ಕಿನ ದುಡ್ಡೂ ಬೀಳುತ್ತದೆ.

1. ರಸ್ತೆ ಮತ್ತು ಹಳೆಯ ಸೈಕಲ್

ಅನ್ನೂರು ಒಂದು ಕೂಡುರಸ್ತೆಯ ಊರು. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯನ್ನು ಮೆಟ್ಟುಪಾಳ್ಯ–ಅವಿನಾಶಿ ರಸ್ತೆ ಇಲ್ಲಿ ದಾಟುತ್ತದೆ. ಸತ್ಯಮಂಗಲದಿಂದ ಮುಂದೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ, ಆಮೇಲೆ ಚಾಮರಾಜನಗರ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು ಅನ್ನೋದನ್ನು ನೆನಪಿಡಬೇಕು. ಅನ್ನೂರು, ಸಿರುಮುಗೈ ಸುತ್ತಿನ ಒಕ್ಕಲಿಗ ಮತ್ತು ದೇವಾಂಗ ಮನೆಗಳಲ್ಲಿ ಕನ್ನಡ ಇವತ್ತಿಗೂ ಮನೆಮಾತಾಗಿ ಉಳಿದಿದೆ.

ಈ ಸೀಮೆಯ ಸೈಕಲ್ ಅಂದ್ರೆ ಬಹುಕಾಲ ಬ್ರಿಟಿಷ್ ಮಾದರಿಯ ರೋಡ್‌ಸ್ಟರ್. 1949ರಲ್ಲಿ ಮದ್ರಾಸಿನಲ್ಲಿ ಮುರುಗಪ್ಪ ಮನೆತನ ಮತ್ತು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸೇರಿ ಟಿ.ಐ. ಸೈಕಲ್ಸ್ ಕಟ್ಟಿದ ಮೇಲೆ ಹರ್ಕ್ಯುಲಿಸ್ ಇಲ್ಲೇ ತಯಾರಾಯಿತು. 28 ಇಂಚಿನ ಚಕ್ರ, ಕಡ್ಡಿ ಬ್ರೇಕು, ಹಿಂದೆ ಕ್ಯಾರಿಯರ್. ಅದರ ಹೆಡ್ ಆಂಗಲ್, ಅಂದ್ರೆ ಹ್ಯಾಂಡಲ್ ಕೂರುವ ಕೊಳವೆ ನೆಲದೊಡನೆ ಮಾಡುವ ಕೋನ, 70 ಡಿಗ್ರಿಗಿಂತ ಕಡಿಮೆ. ಮುಂದಿನ ಚಕ್ರ ಸವಾರನಿಂದ ದೂರ, ಸೈಕಲ್ ಉದ್ದ. ಗುಂಡಿ ಬಿದ್ದ ಹಾದಿಯಲ್ಲಿ ಹಾಲಿನ ಕ್ಯಾನು, ನೂಲಿನ ಗಂಟು ಹೊತ್ತು ಸಾಗಲು ಈ ಆಕಾರ ಒದಗಿತು.

ಇನ್ನೊಂದು ಮುಖ್ಯ ಸಂಗತಿ ಇದೆ. ರೋಡ್‌ಸ್ಟರಿನ ಅಳತೆಗಳು ದಶಕಗಳ ಕಾಲ ಬದಲಾಗಲಿಲ್ಲ. ಒಂದು ಸೈಕಲಿನ ಆಕ್ಸಲ್, ಕಪ್ಪು, ಕೋನು ಇನ್ನೊಂದಕ್ಕೆ ಕೂರುತ್ತಿತ್ತು. ಹಾಗಾಗಿ ಪಂಕ್ಚರ್ ಅಂಗಡಿಯೇ ರಿಪೇರಿ ಅಂಗಡಿಯೂ ಆಗಿತ್ತು.

2. ಗುಡ್ಡ ಇಳಿದವರು, ರೇಸು ಓಡಿಸಿದವರು

ಮೌಂಟನ್ ಬೈಕಿನ ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಗೆಳೆಯರ ಗುಂಪೊಂದು 1930–40ರ ದಶಕದ ಶ್ವಿನ್ ಸೈಕಲುಗಳಿಗೆ ದಪ್ಪ ಟೈರು ಹಾಕಿಕೊಂಡು ಗುಡ್ಡದ ಮಣ್ಣು ಹಾದಿ ಇಳಿಯುತ್ತಿತ್ತು. ಇಳಿಯುವಷ್ಟರಲ್ಲಿ ಹಿಂದಿನ ಹಬ್ ಬ್ರೇಕಿನ ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ 'ರೀಪ್ಯಾಕ್' ಅಂತ ಹೆಸರು ಬಂದದ್ದು ಇದರಿಂದ. 1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂತು.

ಆಮೇಲೆ ಒಂದು ತಿರುವು. ಇಳಿಯಲು ಹುಟ್ಟಿದ ಬಂಡಿಯನ್ನು 1980ರ ದಶಕದ ಕೊನೆಗೆ ಕ್ರಾಸ್‌ಕಂಟ್ರಿ ರೇಸ್ ತನ್ನ ಕಡೆ ಎಳೆದುಕೊಂಡಿತು. 1990ರಲ್ಲಿ ಡುರಾಂಗೊದಲ್ಲಿ ವಿಶ್ವ ಚಾಂಪಿಯನ್‌ಶಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಏರು ಬೇಗ ಹತ್ತಬೇಕು, ಸೈಕಲ್ ಚುರುಕಾಗಿ ತಿರುಗಬೇಕು. ಹಾಗಾಗಿ ಹೆಡ್ ಆಂಗಲ್ 71 ಡಿಗ್ರಿಗೆ, ಸೀಟ್ ಆಂಗಲ್ 73ಕ್ಕೆ ಬಂದು ನಿಂತಿತು. ಹ್ಯಾಂಡಲ್ ಹಿಡಿಯುವ ಸ್ಟೆಮ್ 120 ಮಿ.ಮೀ. ಮೀರಿತು. ಹೆಚ್ಚುಕಡಿಮೆ ರೋಡ್ ರೇಸ್ ಸೈಕಲಿನ ಆಕಾರವೇ ಮಣ್ಣಿನ ಹಾದಿಗೆ ಬಂದಂತಾಯಿತು. 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ 'ಎಂಟಿಬಿ' ಅಂತ ಮಾರಿದ 26 ಇಂಚಿನ ಸೈಕಲುಗಳೂ ಈ ನೆಟ್ಟಗಿನ ಮಾದರಿಯ ದೂರದ ನೆಂಟರೇ.

3. ಅಂಕಿಗಳು ತಿರುಗಿದ್ದು

ಇಳಿಜಾರಿನಲ್ಲಿ ಈ ಆಕಾರ ಕೈಕೊಟ್ಟಿತು. ಭಾರ ಮುಂದಿನ ಚಕ್ರದ ಮೇಲೆ ಬಿದ್ದು ಸವಾರ ಹ್ಯಾಂಡಲಿನ ಮೇಲಿಂದ ಮುಗುಚುವ ಭಯ. 1990ರ ದಶಕದ ಕೊನೆಯಲ್ಲಿ ಗ್ಯಾರಿ ಫಿಶರ್ 'ಜೆನೆಸಿಸ್' ಹೆಸರಿನಲ್ಲಿ ಮೇಲಿನ ಕೊಳವೆಯನ್ನು ಉದ್ದ ಮಾಡಿ ಸ್ಟೆಮ್ಮನ್ನು ಗಿಡ್ಡ ಮಾಡಿದ. 2012–13ರ ಹೊತ್ತಿಗೆ ಸ್ಪೇನಿನ ಮಾಂಡ್ರೇಕರ್ ಇದನ್ನೇ ಕೊನೆಮುಟ್ಟ ಒಯ್ದು 10–30 ಮಿ.ಮೀ. ಸ್ಟೆಮ್ ಹಾಕಿತು. ಕೂತಲ್ಲಿಂದಲೇ ಸೀಟು ಇಳಿಸುವ ಡ್ರಾಪರ್ ಪೋಸ್ಟ್ 2010ರ ನಂತರ ಸಾಮಾನ್ಯವಾಯಿತು. ಆಗ ಸೀಟಿನ ಕೊಳವೆ ಗಿಡ್ಡವಾದರೂ ನಡೆಯುವಂತಾಯಿತು. ಇಂಚಿನ ಲೆಕ್ಕದಲ್ಲಿ ಸೀಟಿನ ಕೊಳವೆಯಿಂದ ಸೈಜು ಹೇಳುವ ಕಾಲ ಮುಗಿದು 'ರೀಚ್' ಮುಖ್ಯವಾಯಿತು. ಪೆಡಲ್ ಅಕ್ಷದಿಂದ ಹೆಡ್ ಟ್ಯೂಬಿನ ಮೇಲ್ತುದಿಯವರೆಗಿನ ಅಡ್ಡ ಅಂತರವೇ ರೀಚ್.

ಒಂದು ಲೆಕ್ಕ ನೋಡಿ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ತಗಲುತ್ತದೆ. ಆ ಅಂತರ 'ಟ್ರೇಲ್'. ಟ್ರೇಲ್ ಹೆಚ್ಚಾದಷ್ಟೂ ವೇಗದಲ್ಲಿ ಸೈಕಲ್ ನೇರ ನಿಲ್ಲುತ್ತದೆ. 26 ಇಂಚಿನ ಚಕ್ರ, 71 ಡಿಗ್ರಿ, ಫೋರ್ಕಿನ ಆಫ್‌ಸೆಟ್ 38 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 75 ಮಿ.ಮೀ. 29 ಇಂಚಿನ ಚಕ್ರ, 65 ಡಿಗ್ರಿ, ಆಫ್‌ಸೆಟ್ 44 ಇದ್ದರೆ ಸುಮಾರು 125. ವ್ಯತ್ಯಾಸ ಕೈಗೆ ಗೊತ್ತಾಗದೆ ಇರೋದಿಲ್ಲ.

4. ಹಾಗಾದ್ರೆ ಅನ್ನೂರಿಗೆ ಯಾವುದು?

64 ಡಿಗ್ರಿಯ ಹಾರ್ಡ್‌ಟೇಲುಗಳು ಕೆನಡಾದ ವಿಸ್ಲರಿನಂಥ ಕಡಿದಾದ ಇಳಿಜಾರುಗಳಿಗೆ ಹೇಳಿಮಾಡಿಸಿದವು. ಅನ್ನೂರಿನ ಸವಾರ ಗುಡ್ಡದ ಬುಡ ಮುಟ್ಟೋದಕ್ಕೇ ಬಯಲಿನಲ್ಲಿ ಬಹಳ ದೂರ ತುಳಿಯಬೇಕು. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ, ಒಳದಾರಿಗಳಲ್ಲಿ ಬೇಕೆಂದಾಗ ಓಡಿಸುವಂತಿಲ್ಲ. ಉಳಿಯುವುದು ಕೆರೆ ಏರಿ, ಹೊಲದ ಬದಿಯ ಕಲ್ಲು ಹಾದಿ, ಬಳ್ಳಾರಿ ಜಾಲಿಯ ಮುಳ್ಳು, ಆಗಾಗ ಘಾಟಿ.

ಇದಕ್ಕೆ ನನ್ನ ಅಳತೆ ಹೀಗೆ: ಹೆಡ್ ಆಂಗಲ್ 66–67, ಫೋರ್ಕ್ 120–130 ಮಿ.ಮೀ., ಸೀಟ್ ಆಂಗಲ್ 74ರ ಆಸುಪಾಸು. 76ಕ್ಕೆ ಹೋದರೆ ಕಡಿದಾದ ಏರಿಗೆ ಒಳ್ಳೇದು, ಆದರೆ ಬಯಲಿನಲ್ಲಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಇನ್ನೊಂದು ಮಾತು. ಹಾರ್ಡ್‌ಟೇಲಿನಲ್ಲಿ ಮುಂಭಾಗ ಮಾತ್ರ ಕುಗ್ಗುತ್ತದೆ. ಸವಾರ ಕೂತು ಫೋರ್ಕು 25 ಮಿ.ಮೀ. ಇಳಿದರೆ ಹೆಡ್ ಆಂಗಲ್ ಒಂದು ಡಿಗ್ರಿಗೂ ಹೆಚ್ಚು ನೆಟ್ಟಗಾಗುತ್ತದೆ. ಎರಡೂ ಕಡೆ ಸಸ್ಪೆನ್ಶನ್ ಇರುವ ಸೈಕಲಿನ ಅಂಕಿಯ ಪಕ್ಕ ಇದರ ಅಂಕಿ ಇಟ್ಟು ಹೋಲಿಸಬಾರದು.

ಈಗ ಭಾಗಗಳು. ಹಳೆಯ ಹಿಂದಿನ ಹಬ್ 135 ಅಥವಾ 142 ಮಿ.ಮೀ., 2015ರಿಂದೀಚೆಗೆ ಹರಡಿದ 'ಬೂಸ್ಟ್' ಅಳತೆ 148. 142ರ ಹಬ್ಬನ್ನು ಅಡಾಪ್ಟರ್ ಹಾಕಿ ಕೂರಿಸಬಹುದು, ಕ್ವಿಕ್ ರಿಲೀಸಿನ 135 ಕಷ್ಟ. ನೇರ ಸ್ಟಿಯರರ್ ಇರುವ ಹಳೆಯ ಫೋರ್ಕು ತಗ್ಗಿಸುವ ರಿಂಗಿನ ನೆರವಿನಿಂದ ಹೊಸ ಟೇಪರ್ಡ್ ಹೆಡ್ ಟ್ಯೂಬಿಗೆ ಕೂರುತ್ತದೆ. 26 ಇಂಚಿನ ಚಕ್ರವನ್ನು 29ರ ಫ್ರೇಮಿಗೆ ಹಾಕಿದರೆ ಪೆಡಲು ಸುಮಾರು 30 ಮಿ.ಮೀ. ಕೆಳಗಿಳಿದು ಕಲ್ಲಿಗೆ ಬಡಿಯುತ್ತದೆ, ಅದು ಬೇಡ. ಬಾಟಮ್ ಬ್ರಾಕೆಟ್ ಥ್ರೆಡ್ ಇರುವುದೇ ಆಗಲಿ, ಕೇಬಲ್ ಹೊರಗಡೆಯೇ ಓಡಲಿ. ಇವೆರಡನ್ನೂ ಊರಿನ ಅಂಗಡಿಯಲ್ಲೇ ಬಿಚ್ಚಿ ಕಟ್ಟಬಹುದು.

ಚರ್ಚೆ

ಪ್ರಶ್ನೆ: ಸರ್, ಹಾಗಾದ್ರೆ ನಮ್ಮ ರೋಡ್‌ಸ್ಟರೇ ಮಾಡರ್ನ್ ಜಾಮೆಟ್ರಿಯ ಪೂರ್ವಜ ಅನ್ನಬಹುದಾ?

ಉತ್ತರ: ಅನ್ನಬಾರದು. ಕೋನ ಹೋಲುತ್ತದೆ, ನಡತೆ ಹೋಲುವುದಿಲ್ಲ. ರೋಡ್‌ಸ್ಟರಿನ ಫೋರ್ಕಿಗೆ ಬಾಗು ಹೆಚ್ಚು, ಅದು ಟ್ರೇಲನ್ನು ಕಡಿಮೆ ಮಾಡುತ್ತಿತ್ತು. ಸೀಟೂ ಹಿಂದಕ್ಕೆ ಮಲಗಿರುತ್ತಿತ್ತು. ಹೊಸ ಫ್ರೇಮಿನಲ್ಲಿ ಟ್ರೇಲ್ ಹೆಚ್ಚು, ಸೀಟು ಮುಂದೆ. ಎರಡು ವಸ್ತು ಒಂದೇ ಥರ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನೋದು ಚರಿತ್ರೆಯಲ್ಲಿ ನಾವು ಬಿಡಬೇಕಾದ ಅಭ್ಯಾಸ.

ಪ್ರಶ್ನೆ: ಕೊಯಮತ್ತೂರು ಪಂಪು, ಮೋಟಾರಿನ ಊರು. ವೆಲ್ಡಿಂಗ್ ಮಾಡಿಸಿದರೆ ಸಾಲದೇ?

ಉತ್ತರ: ಫ್ರೇಮ್ ಸ್ಟೀಲಿನದಾದರೆ, ಬಿರುಕು ಚಿಕ್ಕದಾದರೆ, ಕೈ ಪಳಗಿದವರಿಂದ ಮಾಡಿಸಬಹುದು. 6061 ಅಲ್ಯುಮಿನಿಯಂ ಆದರೆ ಬೆಸೆದ ಜಾಗದ ಸುತ್ತ ಲೋಹ ಮೆತ್ತಗಾಗುತ್ತದೆ. ಫ್ರೇಮನ್ನು ಪೂರ್ತಿ ಮತ್ತೆ ಹೀಟ್ ಟ್ರೀಟ್‌ಮೆಂಟಿಗೆ ಒಡ್ಡದೆ ಹಳೆಯ ಬಲ ಬರುವುದಿಲ್ಲ. ಹೆಡ್ ಟ್ಯೂಬಿನ ಹತ್ತಿರದ ಬಿರುಕಾದರೆ ನಾನು ಮಾಡಿಸೋದಿಲ್ಲ, ಘಾಟಿ ಇಳಿಯುವಾಗ ಅಲ್ಲಿ ಮುರಿದರೆ ಜೀವಕ್ಕೇ ಅಪಾಯ. ಬದಲಿ ಫ್ರೇಮ್ ಸ್ಟೀಲಿನದೇ ಇರಲಿ ಅಂತ ನಾನು ಹೇಳುವುದಕ್ಕೂ ಇದೇ ಕಾರಣ. ಅರ್ಧ ಕೆ.ಜಿ. ಹೆಚ್ಚು ತೂಗಬಹುದು, ಆದರೆ ಮುಂದಿನ ಸಲ ಬಿರುಕು ಬಿಟ್ಟಾಗ ದುರಸ್ತಿಯ ದಾರಿಯೊಂದು ಉಳಿದಿರುತ್ತದೆ.